ಒಂದು ಮಡಿಕೆ ಹೆಚ್ಚು

ಕೋಟಿನ ತೋಳು ಮತ್ತೆ ಜಾರಿತು, ಬಿಳಿ ಅಂಚು ತಂಗಿಯ ಹೊಟ್ಟೆಯ ಮೇಲಿನ ಜೆಲ್ಲಿಗೆ ತಾಕಿ ಒದ್ದೆಯಾಯಿತು, ಈ ಆಸ್ಪತ್ರೆಯವರು ಕೊಡುವ ಕೋಟುಗಳೇ ಹೀಗೆ, ಹೆಗಲು ಸರಿ, ಎದೆ ಸರಿ, ತೋಳು ಮಾತ್ರ ಬೆರಳ ತುದಿಯವರೆಗೆ, ಯಾವ ರಾಕ್ಷಸನನ್ನು ನಿಲ್ಲಿಸಿಕೊಂಡು ಅಳತೆ ತೆಗೆದರೋ — ಅವಳು ಎಡಗೈಯಿಂದ ಅದನ್ನು ಮಡಿಚಿಕೊಂಡಳು, ಒಂದು ಮಡಿಕೆ, ಇನ್ನೊಂದು ಮಡಿಕೆ, ಮೇಲೊಂದು ಹೆಬ್ಬೆರಳಿನ ಒತ್ತು, ಕಣ್ಣು ಮಾತ್ರ ಪರದೆ ಬಿಟ್ಟು ಕದಲಲಿಲ್ಲ. ಪರದೆಯ ಕತ್ತಲೆಯಲ್ಲಿ ಮಗು ತನ್ನ ಪಾಡಿಗೆ ತಾನು ಕಾಲು ಚಾಚುತ್ತಿದೆ, ತಲೆಯ ಸುತ್ತಳತೆ ಆಯಿತು, ಹೊಟ್ಟೆ ಆಯಿತು, ತೊಡೆ ಮೂಳೆ ಒಳ್ಳೆಯ ಉದ್ದವಿದೆ, ಹೃದಯ ಟಪಟಪ ಬಡಿದುಕೊಳ್ಳುತ್ತಿದೆ, ಇನ್ನು ಮುಂಗೈ. ಮನೆಯವರನ್ನು ತಾನೇ ಸ್ಕ್ಯಾನ್ ಮಾಡಬಾರದು ಅಂತ ಈ ಕೋಣೆಗೆ ಬಂದ ದಿನದಿಂದ ಅವಳು ಹೊಸಬರಿಗೆಲ್ಲ ಪಾಠ ಹೇಳಿದ್ದಳು, ಆದರೆ ಜೊತೆಯವಳು ರಜೆ ಹಾಕಿದ್ದಳು, ತಂಗಿ ಹಟ ಹಿಡಿದಿದ್ದಳು, ಬೇರೆ ಯಾರೋ ಯಾಕೆ ನೋಡ್ಬೇಕು, ನೀನಿಲ್ವಾ, ನಿನ್ನ ಕೈ ತಣ್ಣಗಿದ್ರೂ ಬೈಕೊಂಡು ಮಲಗಬಹುದು. ಈಗ ತಂಗಿ ತಲೆಯ ಕೆಳಗೆ ಒಂದು ಕೈ ಇಟ್ಟುಕೊಂಡು ಮಲಗಿದ್ದಾಳೆ, ಚಿಕ್ಕವಳಿದ್ದಾಗ ಅಪ್ಪನ ಹೊಲಿಗೆ ಅಂಗಡಿಯ ಅಟ್ಟದ ಮೇಲೆ ಬಟ್ಟೆಯ ಥಾನುಗಳ ನಡುವೆ ಮಲಗುತ್ತಿದ್ದಳಲ್ಲ, ಥೇಟ್ ಹಾಗೇ.

ಮುಂಗೈ ಸುಲಭಕ್ಕೆ ಸಿಗುವುದಿಲ್ಲ. ಮಗು ಅದನ್ನು ಮುಖಕ್ಕೆ ಅಡ್ಡ ಇಟ್ಟುಕೊಂಡಿರುತ್ತದೆ, ಓರೆಯಾಗಿ ನೋಡಿದರೆ ಮೂಳೆ ಸುಮ್ಮಸುಮ್ಮನೆ ಗಿಡ್ಡ ಕಾಣುತ್ತದೆ, ಅದು ಪೂರ್ತಿ ಮಲಗಿದ ಗೆರೆಯಾಗುವವರೆಗೆ ಕಾಯಬೇಕು, ಕಾಯುವುದನ್ನು ಅವಳು ಕಾಲೇಜಿನಲ್ಲಿ ಕಲಿತದ್ದಲ್ಲ, ಅಪ್ಪನಿಂದ ಕಲಿತದ್ದು — ಅಪ್ಪನ ಅಂಗಡಿಗೆ ಬಂದ ಗಿರಾಕಿಗಳು ಟೇಪು ಸೊಂಟಕ್ಕೆ ಬಂದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು, ಅಪ್ಪ ಟೇಪು ಹಿಡಿದು ಹಾಗೇ ನಿಂತು, ನಿಮ್ಮ ಅಳಿಯನಿಗೆ ಕೆಲಸ ಸಿಕ್ತಾ, ಮಗಳು ಹೇಗಿದ್ದಾಳೆ, ಅಂತ ಮಾತಿಗೆಳೆದು, ಅವರು ಮೈಮರೆತು ಹೊಟ್ಟೆ ಬಿಟ್ಟಾಗ ಅಳತೆ ತೆಗೆಯುತ್ತಿದ್ದರು, ಮೂಲೆಯಲ್ಲಿ ಗುಂಡಿ ಪೋಣಿಸುತ್ತಾ ಕೂತ ಅಕ್ಕತಂಗಿಯರು ಮುಸಿಮುಸಿ ನಗುತ್ತಿದ್ದರು. ಎಷ್ಟು ಒಳ್ಳೆಯ ಸಂಜೆಗಳು ಅವು, ಇಸ್ತ್ರಿಯ ಬಿಸಿ ವಾಸನೆ, ಕಾಲಡಿ ಚಿಂದಿಯ ರಾಶಿ, ಹೊಲಿಗೆ ಮೆಷಿನ್ನು ನಿಂತರೆ ಒಮ್ಮೆಲೇ ಕೇಳಿಸುವ ಬೀದಿಯ ಸದ್ದು, ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿದೆ, ಅಪ್ಪ ಹೋಗಿ ಎರಡು ವರ್ಷವಾದರೂ ಆ ಬೀದಿಯಲ್ಲಿ ಹೋಗುವಾಗ ಅವಳು ಆಚೆ ಬದಿಯಲ್ಲೇ ನಡೆಯುತ್ತಾಳೆ. ಹಾಂ, ತಿರುಗಿತು, ಕೈ ಇಳಿಸಿತು ಚಿನ್ನ, ಎರಡು ಮೂಳೆ ಎರಡು ಬಿಳಿ ಗೆರೆ, ಕಪ್ಪು ಬಟ್ಟೆಯ ಮೇಲೆ ಅಪ್ಪ ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಈ ತುದಿಗೊಂದು ಗುರುತು, ಆ ತುದಿಗೊಂದು ಗುರುತು. ಅಂಕಿ ಬಂತು.

ಕಡಿಮೆ ಬಂತು. ಓರೆ ಇರಬೇಕು, ಮತ್ತೊಮ್ಮೆ ತೆಗೆದಳು. ಅದೇ ಅಂಕಿ. ಇನ್ನೊಂದು ಕೈ ಹುಡುಕಿ ಅಳೆದಳು, ಅದೂ ಹಾಗೇ, ಬೆಳವಣಿಗೆಯ ನಕ್ಷೆಯ ಮೇಲೆ ಮಿಕ್ಕೆಲ್ಲ ಚುಕ್ಕೆಗಳು ನಡುಗೆರೆಯ ಹತ್ತಿರ ನೆಮ್ಮದಿಯಾಗಿ ಕೂತಿದ್ದರೆ ಮುಂಗೈಯ ಚುಕ್ಕೆ ಮಾತ್ರ ಕೆಳಗೆರೆಯಿಂದ ಜಾರಿ ಹೊರಗೆ ಬಿದ್ದಿದೆ. ಅಕ್ಕಾ, ಯಾಕೆ ಸುಮ್ನಾದೆ. ಏನಿಲ್ಲ, ಮಗು ಆಟ ಆಡಿಸ್ತಿದೆ. ಸುಳ್ಳು ಹೇಳ್ಬೇಡ, ನೀನು ತುಟಿ ಕಚ್ಚಿದ್ರೆ ನಂಗೆ ಗೊತ್ತಾಗುತ್ತೆ. ಇದೊಂದು ಪೀಡೆ, ಒಂದೇ ಹಾಸಿಗೆಯಲ್ಲಿ ಬೆಳೆದವರಿಂದ ಮುಖ ಮುಚ್ಚಿಟ್ಟುಕೊಳ್ಳುವುದು ಹೇಗೆ. ಮುಂಗೈ ಮೂಳೆ ಗಿಡ್ಡ ಅಂದರೆ ಏನೇನಿರಬಹುದು ಅಂತ ಅವಳಿಗೆ ಗೊತ್ತು, ಏನೂ ಇಲ್ಲದೆಯೂ ಇರಬಹುದು, ಬದುಕಿಡೀ ನೋಯುವಂಥದ್ದೂ ಇರಬಹುದು, ಗೊತ್ತಿರುವುದೇ ಶಿಕ್ಷೆ, ಎರಡು ಸಲ ಉಳಿಯದೆ ಮೂರನೆಯದಾಗಿ ಬಂದ ಬಸಿರು ಇದು, ದೇವರೇ, ಇವಳಿಗೆ ಇನ್ನೊಂದು ಪೆಟ್ಟು ಬೇಡ. ಆ ಗುರುತನ್ನು ಕೂದಲೆಳೆಯಷ್ಟು ಆಚೆ ಸರಿಸಿದರೆ ಚುಕ್ಕೆ ಗೆರೆಯೊಳಗೆ ಬರುತ್ತದೆ, ಮೂಳೆಯ ತುದಿ ಹೇಗೂ ಮಸುಕು, ಯಾರು ಕೇಳುತ್ತಾರೆ — ಬೆರಳು ಸರಿಸಿಯೂ ಬಿಟ್ಟಿತು, ಚುಕ್ಕೆ ಒಳಗೆ ಬಂದು ಕೂತಿತು, ಎದೆ ಹಗುರಾಯಿತು, ಮರುಕ್ಷಣ ಅಸಹ್ಯವಾಯಿತು, ಹೊಟ್ಟೆ ಒಳಗೆಳೆದುಕೊಂಡ ಗಿರಾಕಿಯ ಸುಳ್ಳು ಅಳತೆ ಇದು, ಆ ಪ್ಯಾಂಟು ನಾಳೆ ಕೂತಲ್ಲೇ ಹರಿಯುತ್ತದೆ. ಅಳಿಸಿದಳು. ಗುರುತುಗಳನ್ನು ಮೂಳೆ ಮುಗಿಯುವಲ್ಲಿಯೇ ಇಟ್ಟಳು.

ಅವಳು ಕರೆಸಿದ ಮೇಲೆ ಒಳಗೆ ಬಂದದ್ದು ‘ಮೆಲ್ಲಗೆ ಡಾಕ್ಟರು’, ಎಲ್ಲರಿಗೂ ಎಲ್ಲದಕ್ಕೂ ಮೆಲ್ಲಗೆ, ಮೆಲ್ಲಗೆ ಅನ್ನುವುದರಿಂದ ಬಿದ್ದ ಹೆಸರು, ಅವರು ತಾವೇ ಅಳೆದು ನೋಡಿದರು, ಮೂಳೆ ಬಾಗಿಲ್ಲ, ಬೆರಳು ಐದೂ ಇವೆ, ಬೇರೆಲ್ಲ ಚೆನ್ನಾಗಿದೆಯಮ್ಮಾ, ಮುಂಗೈ ಮಾತ್ರ ಸ್ವಲ್ಪ ಗಿಡ್ಡ, ನಿಮ್ಮನೇಲಿ ಯಾರಿಗಾದ್ರೂ ಹೀಗಿದ್ಯಾ, ಇದ್ರೆ ಅಷ್ಟು ಹೆದರಬೇಕಿಲ್ಲ. ನಮ್ಮ ಯಜಮಾನರ ಮನೇಲಾ, ತಂಗಿ ನಗಲು ನೋಡಿದಳು, ಅವರ ಕೈ ಮೊಣಕಾಲು ಮುಟ್ಟುತ್ತೆ ಡಾಕ್ಟ್ರೇ. ನಿಮ್ಮ ತವರಿನ ಕಡೆ, ಡಾಕ್ಟರು ಕೇಳಿದರು. ಇಲ್ಲ ಸರ್, ಅಕ್ಕ ಹೇಳಿದಳು, ಇಲ್ಲ, ತಂಗಿಯೂ ಹೇಳಿದಳು, ಇಬ್ಬರೂ ಒಂದೇ ಉಸಿರಿಗೆ, ಬೇಕಿದ್ದರೆ ಆಣೆ ಇಡುವವರ ಹಾಗೆ. ಹಾಗಾದ್ರೆ ಸೂಜಿ ಹಾಕಿ ಗರ್ಭದ ನೀರು ತೆಗೆದು ಪರೀಕ್ಷೆ ಮಾಡೋದು ಒಳ್ಳೇದು, ಅದರಲ್ಲೂ ಮಗುವಿಗೆ ಸ್ವಲ್ಪ ಅಪಾಯ ಇದೆ, ಮೆಲ್ಲಗೆ ಯೋಚನೆ ಮಾಡಿ, ಅಂತ ಡಾಕ್ಟರು ಬಾಗಿಲ ಕಡೆ ತಿರುಗಿದರು. ತಂಗಿ ಎದ್ದು ಕೂತಳು, ಹೊಟ್ಟೆ ಒರೆಸಿಕೊಂಡಳು, ಅಳುತ್ತಿರಲಿಲ್ಲ, ಅತ್ತಿದ್ದರೆ ವಾಸಿಯಿತ್ತು, ಮೊನ್ನೆ ಮೊನ್ನೆ ಕೊಂಡ ಸ್ವೆಟರನ್ನು ಮೈಗೇರಿಸಿದಳು, ಅದರ ತೋಳು ಬೆರಳುಗಳನ್ನು ನುಂಗಿತು, ಎಲ್ಲೋ ನೋಡುತ್ತಾ ಮಡಿಚಿಕೊಂಡಳು, ಒಂದು ಮಡಿಕೆ, ಇನ್ನೊಂದು ಮಡಿಕೆ, ಮೇಲೊಂದು ಹೆಬ್ಬೆರಳಿನ ಒತ್ತು.

ಅಪ್ಪನ ಒತ್ತು ಅದು. ಶಾಲೆ ಶುರುವಾಗುವ ಮುಂಚೆ ಅಪ್ಪ ಇಡೀ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದರು, ಅದೇ ಕಟ್ಟಿನಿಂದ ಎರಡು ಎಳೆದು ಇವರಿಗೆ ಕೊಡುತ್ತಿದ್ದರು, ಬೇರೆ ಮಕ್ಕಳಿಗೆ ಮಣಿಕಟ್ಟಿಗೆ ನಿಲ್ಲುವ ತೋಳು ಇವರಿಗೆ ಬೆರಳು ದಾಟುತ್ತಿತ್ತು, ಅಪ್ಪ ಬಾಗಿಲಲ್ಲಿ ಮಂಡಿಯೂರಿ ಕೂತು ಮಡಿಚಿ ಹೆಬ್ಬೆರಳಿನಿಂದ ಒತ್ತಿ ಕಳಿಸುತ್ತಿದ್ದರು, ಬೆಳೆಯೋ ಮಕ್ಕಳು, ಒಂದು ಮಡಿಕೆ ಹೆಚ್ಚಿರ್ಲಿ. ಬೆಳೆದರು, ಅಂಗಿ ಹೆಗಲಲ್ಲಿ ಬಿಗಿಯಾಯಿತು, ಸೊಂಟಕ್ಕೆ ಗಿಡ್ಡವಾಯಿತು, ಮಡಿಕೆ ಮಾತ್ರ ಬಿಚ್ಚಲೇ ಇಲ್ಲ, ಕಾಲೇಜಿಗೆ ಹೋದರೂ ಬಿಚ್ಚಲಿಲ್ಲ. ಪಕ್ಕದ ಕ್ಷೌರದಂಗಡಿಯವನು ಬೀದಿಗೆ ಕೇಳುವ ಹಾಗೆ ಆಡಿಕೊಳ್ಳುತ್ತಿದ್ದ, ಏನಯ್ಯಾ ಟೈಲರ್ ಮೇಷ್ಟ್ರೇ, ಸ್ವಂತ ಮಕ್ಕಳ ತೋಳು ಹೊಲಿಯೋಕೆ ಬರಲ್ವಾ ನಿಂಗೆ, ಅಪ್ಪ ಬಾಯಲ್ಲಿ ದಾರ ಕಚ್ಚಿಕೊಂಡೇ ನಕ್ಕು, ಬರಲ್ಲ ಕಣಪ್ಪ, ಅನ್ನುತ್ತಿದ್ದರು, ನಿಂತ ಕಾಲಲ್ಲೇ ಗಿರಾಕಿಯ ಅಳತೆ ಕಣ್ಣಿನಿಂದ ಹೇಳುತ್ತಿದ್ದ ಮನುಷ್ಯ. ಒಂದು ಸಲ ತಂಗಿ ಅಳುತ್ತಾ ಬಂದಿದ್ದಳು, ಎಲ್ಲರೂ ನಗ್ತಾರೆ ಅಪ್ಪಾ, ಅಪ್ಪ ಅವಳ ಎರಡೂ ಮಣಿಕಟ್ಟು ಹಿಡಿದು, ನಿನ್ನ ಕೈ ಸರಿಯಾಗೇ ಇದೆ ಮಗಾ, ತಪ್ಪಿದ್ರೆ ಬಟ್ಟೆದು, ಅಂದಿದ್ದರು. ಸರಿಯಾದ ತೋಳು ಹೊಲಿದಿದ್ದರೆ ಜನ ಹುಡುಗಿಯರ ಗಿಡ್ಡ ಕೈ ನೋಡುತ್ತಿದ್ದರು, ಉದ್ದವೇ ಉಳಿಸಿದರು, ಜನ ದರ್ಜಿಯನ್ನು ನೋಡಿ ನಕ್ಕರು, ನಗಲಿ ಅಂತ ಬಿಟ್ಟರು ಅಪ್ಪ, ಇಷ್ಟು ವರ್ಷ, ಅಯ್ಯೋ ಅಪ್ಪಾ, ತಮ್ಮದೇ ಅಂಗಿಯ ತೋಳನ್ನೂ ಮೊಣಕೈವರೆಗೆ ಮಡಿಚಿಕೊಂಡೇ ಇರುತ್ತಿದ್ದರಲ್ಲ, ಕೆಲಸಕ್ಕೆ ಅಡ್ಡ ಬರುತ್ತೆ ಅಂತ ಅಂದುಕೊಂಡಿದ್ದೆವು. ಅವಳು ತಂಗಿಯ ಪಕ್ಕ ಕೂತು ಕೋಟಿನ ತೋಳನ್ನು ಮೇಲಕ್ಕೆ ಸರಿಸಿದಳು, ತಂಗಿಯದನ್ನೂ ಸರಿಸಿದಳು, ಮುಂಗೈಗೆ ಮುಂಗೈ ಜೋಡಿಸಿ ಹಿಡಿದಳು, ಏನಕ್ಕಾ ಇದು, ಸುಮ್ನಿರು, ಸರ್, ಒಂದು ನಿಮಿಷ ಬನ್ನಿ, ಇದೆ ಸರ್, ನಮ್ಮನೇಲಿ ಇದೆ, ನಮ್ಮಿಬ್ಬರದನ್ನೂ ಅಳತೆ ತೆಗೀರಿ — ಡಾಕ್ಟರು ಮೆಲ್ಲಗೆ ಅನ್ನುವುದನ್ನೂ ಮರೆತು ವಾಪಸ್ಸು ಬಂದರು, ತಂಗಿ ಏನೂ ತಿಳಿಯದೆ ಅವಳ ಮುಖವನ್ನೇ ನೋಡುತ್ತಿದ್ದಾಳೆ, ನಿಲ್ಲಿಸಿದ ಪರದೆಯಲ್ಲಿ ಆ ಪುಟ್ಟ ಕೈ ಎರಡು ಗುರುತುಗಳ ನಡುವೆ ಹಾಗೇ ಇದೆ, ಇದಕ್ಕೂ ಅಂಗಿ ಹೊಲಿಯಬೇಕು, ತೋಳು ಎಷ್ಟಿಡಬೇಕು, ಎಷ್ಟಪ್ಪಾ — ಬಾಗಿಲಲ್ಲಿ ಮಂಡಿಯೂರಿದ ಅಪ್ಪ, ಒಂದು ಮಡಿಕೆ, ಇನ್ನೊಂದು ಮಡಿಕೆ, ಮೇಲೆ ಹೆಬ್ಬೆರಳು, ಹೆಬ್ಬೆರಳು