ಎಣ್ಣೆ ಹಚ್ಚಿದ ಹುಂಜ

ಬೆಳಿಗ್ಗೆ ಎದ್ದವಳೇ ಕಾಜಾ ತನ್ನ ಹುಂಜಕ್ಕೆ ಸ್ನಾನ ಮಾಡಿಸಿದಳು. ಉಗುರುಬೆಚ್ಚಗಿನ ನೀರು, ಒಳ್ಳೇ ಸೋಪು, ಹಳೇ ಟವೆಲ್ಲು. ಗರಿ ಒಣಗಿದ ಮೇಲೆ ಅಂಗೈಗೆ ನಾಲ್ಕು ಹನಿ ಎಣ್ಣೆ ಸುರಿದುಕೊಂಡು ಅದರ ಕೆಂಪು ಜುಟ್ಟಿಗೆ ತಿಕ್ಕಿದಳು, ಕಾಲಿಗೂ ತಿಕ್ಕಿದಳು. ಗಂಡ ಹಲ್ಲುಜ್ಜುತ್ತ ನಿಂತು ನೋಡಿ, ಮದುವೆ ದಿನವೂ ತನಗೆ ಇಷ್ಟು ಉಪಚಾರ ಆಗಿರಲಿಲ್ಲವಲ್ಲ ಅಂದ. ಕಾಜಾ ನಗಲಿಲ್ಲ. ಈ ಹುಂಜವನ್ನು ಅವಳು ಅಕ್ಕನಿಗೆ ಕೊಡಲು ಹೊರಟಿದ್ದಳು, ಅಕ್ಕನ ಕೋಳಿಗಳೆಲ್ಲ ಸಾಯಲಿ ಅಂತ.

ಕಾಜಾ ಅನ್ನುವುದು ಅವಳ ಹೆಸರಲ್ಲ, ಕಸುಬು. ಹೊಲಿಗೆ ಅಂಗಡಿಗಳಿಂದ ಬಂದ ಅಂಗಿಗಳಿಗೆ ಮನೆಯಲ್ಲೇ ಕೂತು ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದಳು. ಬೀದಿಯವರ ಬಾಯಲ್ಲಿ ಅದೇ ಹೆಸರಾಗಿ ಕೂತಿತ್ತು. ಹಿತ್ತಿಲಲ್ಲಿ ಒಂದಷ್ಟು ಕೋಳಿ ಸಾಕಿದ್ದಳು. ಅವುಗಳಲ್ಲಿ ಗೆಜ್ಜೆ ಅನ್ನುವ ಹೇಂಟೆ ಅವಳ ಪಂಚಪ್ರಾಣ. ಅದರ ಕಾಲಿನ ಸುತ್ತ ಗೆಜ್ಜೆ ಕಟ್ಟಿದ ಹಾಗೆ ಗರಿ ಬೆಳೆದಿತ್ತು. ಕಾಜಾ ಸೂಜಿ ಹಿಡಿದು ಕೂತರೆ ಗೆಜ್ಜೆ ಬಂದು ಅವಳ ಕಾಲಬುಡದಲ್ಲಿ ದಾರದ ತುಂಡು ಕುಕ್ಕುತ್ತ ಕೂರುತ್ತಿತ್ತು. ಮಕ್ಕಳಿಲ್ಲದ ಮನೆ. ಮಾತಾಡಲು ಯಾರಾದರೂ ಬೇಕಲ್ಲ.

ಅಂಥ ಹಿತ್ತಿಲಿಗೆ ಒಂದು ದಿನ ಅಕ್ಕ ಬಂದಳು, ಬುಟ್ಟಿಯಲ್ಲಿ ಒಂದು ಕಂದು ಕೋಳಿ ಇಟ್ಟುಕೊಂಡು. ಅಕ್ಕನಿಗೆ ಪಕ್ಕದ ಬೀದಿಯಲ್ಲಿ ಇಸ್ತ್ರಿ ಅಂಗಡಿ, ಹಿಂದೆಯೇ ಮನೆ. ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ, ಆ ವಾಸನೆ ಕೋಳಿಗೆ ಆಗಿಬರುವುದಿಲ್ಲ, ನಾಲ್ಕು ದಿನ ನಿನ್ನ ಹತ್ತಿರ ಇರಲಿ, ಹೇಗೂ ನಿನ್ನ ಕೈಗುಣ ಚೆನ್ನಾಗಿದೆ ಅಂತ ಬೆಣ್ಣೆ ಹಚ್ಚಿದಳು. ಉಳಿದ ಕೋಳಿಗಳೆಲ್ಲಿ ಅಂತ ಕೇಳಬೇಕೆಂದು ಕಾಜಾಗೆ ಹೊಳೆಯಲಿಲ್ಲ. ಹೊಗಳಿದರೆ ಅವಳ ಬುದ್ಧಿ ಅಷ್ಟಕ್ಕಷ್ಟೆ.

ಕಂದು ಕೋಳಿ ಮೊದಲು ಸೀನಿತು. ಆಮೇಲೆ ಅದರ ಮೂಗಲ್ಲಿ ನೀರು, ಕಣ್ಣ ಸುತ್ತ ಬಾವು. ಗೂಡಿನ ಬಾಗಿಲು ತೆಗೆದರೆ ಕೊಳೆತ ವಾಸನೆ. ವಾರ ತುಂಬುವುದರೊಳಗೆ ಕಾಜಾಳ ಕೋಳಿಗಳಲ್ಲೂ ಹಲವು ಬಾಯಿ ತೆರೆದು ಗೊರಗೊರ ಉಸಿರಾಡುತ್ತಿದ್ದವು. ಸತ್ತ ಕಂದು ಕೋಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅವಳು ಪಶು ಆಸ್ಪತ್ರೆಗೆ ಓಡಿದಳು. ಡಾಕ್ಟರಮ್ಮ ಚೀಲ ಬಿಚ್ಚಿ ನೋಡಿ, ಮೊನ್ನೆ ಇಸ್ತ್ರಿ ಅಂಗಡಿಯವರೂ ಇದೇ ರೋಗದ ಕೋಳಿ ತಂದಿದ್ದರಲ್ಲ, ಒಂದನ್ನೂ ಮನೆಯಿಂದ ಆಚೆ ಕಳಿಸಬೇಡಿ ಅಂತ ಅವರಿಗೆ ಹೇಳಿದ್ದೆನಲ್ಲ ಅಂದರು. ಉಳಿದವನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿ ತಿಳಿದುಕೊಂಡು ಕಾಜಾ ಮನೆಗೆ ಬಂದಳು.

ಡಾಕ್ಟರಮ್ಮ ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಮಾಡಿದಳು. ಕಾಯಿಲೆಯವನ್ನು ಬೇರೆ ಮಾಡಿದಳು. ಚೆನ್ನಾಗಿರುವವಕ್ಕೆ ಮೊದಲು ಕಾಳು ನೀರು ಕೊಟ್ಟು, ಕಾಯಿಲೆಯವುಗಳ ಹತ್ತಿರ ಕೊನೆಗೆ ಹೋದಳು. ಗೂಡಿಗೇ ಅಂತ ಬೇರೆ ಚಪ್ಪಲಿ ಇಟ್ಟಳು, ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಟಬ್ಬು ಇಟ್ಟು ಬರುವಾಗ ಹೋಗುವಾಗ ಕಾಲು ಅದ್ದಿದಳು. ಹಾಸಿದ ಹೊಟ್ಟು ಬದಲಿಸಿದಳು, ಗೋಡೆಯ ಹಲಗೆ ಕಿತ್ತು ಗಾಳಿಗೆ ದಾರಿ ಮಾಡಿದಳು, ನೀರಿನಲ್ಲಿ ಔಷಧಿ ಬೆರೆಸಿದಳು, ಬಾತ ಕಣ್ಣುಗಳನ್ನು ಉಪ್ಪುನೀರಿನ ಹತ್ತಿಯಲ್ಲಿ ಒರೆಸಿದಳು. ಆದರೂ ಒಂದೊಂದಾಗಿ ಹೋದವು. ಗೆಜ್ಜೆ ಅವಳ ಮಡಿಲಲ್ಲೇ ಹೋಯಿತು. ಬದುಕಿದ್ದು ಈ ಹುಂಜ ಒಂದೇ.

ಈ ರೋಗ ಮೊಟ್ಟೆಯೊಳಗೆ ಹೋಗುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದರು. ಹಾಗಾಗಿ ಗೆಜ್ಜೆಯ ಕೊನೇ ಮೊಟ್ಟೆಗಳನ್ನು ಚೆನ್ನಾಗಿ ಒರೆಸಿ ಅಮ್ಮನ ಕೈಗೆ ಕೊಟ್ಟಿದ್ದಳು. ಅಮ್ಮ ಇದ್ದದ್ದು ತಮ್ಮನ ಮನೆಯಲ್ಲಿ. ಯಾರ ಮನೆಯಲ್ಲಾದರೂ ಕಾವಿಗೆ ಇಡಿಸು, ಅಕ್ಕನ ಮನೆ ಒಂದು ಬಿಟ್ಟು ಅಂತ ಆಣೆ ಹಾಕಿಸಿದ್ದಳು. ಆಮೇಲೆ ಕೇಳಿದರೆ ಅಮ್ಮ ಬೇರೆಲ್ಲೋ ನೋಡುತ್ತ, ಒಂದೂ ಮರಿಯಾಗಲಿಲ್ಲ ಕಣೇ ಅಂದಳು. ಅಲ್ಲಿಗೆ ಗೆಜ್ಜೆಯ ಸಂತಾನ ಮುಗಿಯಿತು ಅಂತ ಕಾಜಾ ಆ ಆಸೆಯನ್ನೂ ಮಣ್ಣು ಮಾಡಿದಳು.

ಅಕ್ಕನನ್ನು ಅವಳು ಒಂದೇ ಒಂದು ಸಲ ಕೇಳಿದ್ದಳು, ಇಸ್ತ್ರಿ ಮೇಜಿನ ಎದುರು ನಿಂತು.

"ನಿಂಗೆ ಗೊತ್ತಿತ್ತಾ?"

ಅಕ್ಕ ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತಲಿಲ್ಲ. "ಏನೋ ಒಂದು ಸಲ ಸೀನಿತ್ತು. ಕೋಳಿ ಅಂದ್ಮೇಲೆ ಸೀನಲ್ವಾ?"

ಅಷ್ಟಕ್ಕೇ ನಿಂತಿದ್ದರೆ ಕಾಜಾ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳೇನೋ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅಕ್ಕನದು. ಯಾರೂ ಕೇಳದಿದ್ದರೂ ನೆಂಟರಿಷ್ಟರ ಮುಂದೆಲ್ಲ, ತಂಗಿಯ ಗೂಡು ಗಬ್ಬು, ಅಲ್ಲಿ ಕೋಳಿ ಬದುಕಿದ್ದೇ ಹೆಚ್ಚು ಅಂತ ಹೇಳಿಕೊಂಡು ಬಂದಳು. ನಾದಿನಿಯೊಬ್ಬಳು ಕಾಜಾಗೇ ಬಂದು ಗೂಡು ಗುಡಿಸುವುದು ಹೇಗೆ ಅಂತ ಬುದ್ಧಿ ಹೇಳಿ ಹೋದಳು. ಆ ದಿನ ಕಾಜಾ ಹಾಕಿದ ಕಾಜಾಗಳೆಲ್ಲ ಸೊಟ್ಟಗಾದವು. ಈ ಉರಿಗೆ ಒಂದಲ್ಲ ಒಂದು ದಿನ ಮುಯ್ಯಿ ತೀರಿಸದೆ ಬಿಡುವುದಿಲ್ಲ ಅಂತ ಅವಳು ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದಳು.

ಆ ದಿನವನ್ನು ಅಕ್ಕನೇ ತಂದುಕೊಟ್ಟಳು. ತಿಂಗಳುಗಳು ಕಳೆದ ಮೇಲೆ ಅಮ್ಮನ ಕೈಲಿ ಹೇಳಿಕಳಿಸಿದ್ದಳು. ಹೊಸದಾಗಿ ಕೋಳಿ ಸಾಕಿದ್ದೇನೆ, ಹುಂಜ ಇಲ್ಲ, ನಿನ್ನದು ಒಂಟಿಯಾಗಿದೆಯಲ್ಲ, ತಂದುಕೊಡು ಅಂತ. ಎಂಥ ಭಂಡತನ! ಕಾಜಾಳ ಮೈಯೆಲ್ಲ ಉರಿಯಿತು. ಮರುಗಳಿಗೆಯಲ್ಲೇ ಡಾಕ್ಟರಮ್ಮನ ಮಾತು ನೆನಪಾಗಿ ತಣ್ಣಗಾದಳು. ಈ ರೋಗದಿಂದ ಬದುಕಿದ ಕೋಳಿಯನ್ನು ನಂಬಬೇಡಿ, ನೋಡಲು ಗಟ್ಟಿಮುಟ್ಟಾಗಿರುತ್ತದೆ, ರೋಗ ಮಾತ್ರ ಸಾಯುವ ತನಕ ಒಳಗೇ ಇರುತ್ತದೆ, ಯಾರಿಗೂ ಕೊಡಬೇಡಿ ಅಂದಿದ್ದರು. ಅಕ್ಕನ ಮನೆಯಲ್ಲಿ ಒಂದೂ ಬದುಕಿರಲಿಲ್ಲ. ಹಾಗಾಗಿ ಬದುಕಿದವುಗಳ ಈ ಗುಟ್ಟು ಅವಳಿಗೆ ತಿಳಿಯುವ ಸಂಭವವೇ ಇರಲಿಲ್ಲ.

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ಹುಂಜವನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬಟ್ಟೆ ಕಟ್ಟಿ ಕಾಜಾ ಹೊರಟಳು. ದಾರಿಯುದ್ದಕ್ಕೂ ಅಕ್ಕನ ಕೋಳಿಗಳು ಯಾವ ಕ್ರಮದಲ್ಲಿ ಸಾಯಬಹುದು ಅಂತ ಯೋಚಿಸುತ್ತ ನಡೆದಳು. ನೆಂಟರಿಗೆ ಏನು ಹೇಳಬೇಕು ಅನ್ನುವುದೂ ತಯಾರಿತ್ತು. ಪಾಪ, ಅಕ್ಕನ ಗೂಡು ಸ್ವಲ್ಪ ಗಬ್ಬು.

ಅಕ್ಕನ ಹಿತ್ತಿಲ ಗೇಟಿನಲ್ಲಿ ಬ್ಲೀಚಿಂಗ್ ನೀರಿನ ಟಬ್ಬು ಇತ್ತು. ಬೇಜಾರು ಮಾಡ್ಕೋಬೇಡ, ಒಂದು ಸಲ ಸುಟ್ಟುಕೊಂಡಿದೀನಲ್ಲ, ಕಾಲು ಅದ್ದಿ ಬಾ ಅಂದಳು ಅಕ್ಕ. ರೋಗವನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಜಾ ಬಹಳ ಶ್ರದ್ಧೆಯಿಂದ ಎರಡೂ ಚಪ್ಪಲಿ ಅದ್ದಿದಳು. ಒಳಗೊಳಗೇ ನಗು ಉಕ್ಕುತ್ತಿತ್ತು.

ಹೊಸ ಗೂಡು ಹಿತ್ತಿಲಿನ ಆ ತುದಿಯಲ್ಲಿ, ಜಾಲರಿ ಹಾಕಿ ಭದ್ರ ಮಾಡಿತ್ತು. ಕಾಜಾ ಗೇಟಿನ ಹತ್ತಿರವೇ ಬುಟ್ಟಿಯ ಬಟ್ಟೆ ಬಿಚ್ಚಿದಳು. ಹುಂಜ ಕಲ್ಲಿನ ಮೇಲೆ ಇಳಿದು ಎದೆ ಉಬ್ಬಿಸಿ ನಿಂತಿತು. ಬಿಸಿಲಿಗೆ ಅದರ ಜುಟ್ಟು ಮಿರಮಿರ ಮಿಂಚಿತು. ಅಕ್ಕ ಮೆಚ್ಚುಗೆಯಿಂದ ನೋಡಿ, ಇರು, ಇದನ್ನು ಒಳಗೆ ಬಿಡುವ ಮೊದಲು ನಿನಗೊಂದು ತೋರಿಸಬೇಕು ಅಂತ ಗೂಡಿನ ಹತ್ತಿರ ಹೋಗಿ ಕಾಳಿನ ಡಬ್ಬಿ ಅಲ್ಲಾಡಿಸಿದಳು.

ಎಳೇ ಹೇಂಟೆಗಳು ಜಾಲರಿಯ ಹತ್ತಿರ ಓಡಿಬಂದವು. ಕಾಜಾ ಮೊದಲು ನೋಡಿದ್ದು ಅವುಗಳ ಕಾಲನ್ನು. ಪ್ರತಿಯೊಂದರ ಕಾಲಿಗೂ ಗರಿಯ ಗೆಜ್ಜೆ.

ಅಕ್ಕ ಅವಳ ಮುಖ ನೋಡದೆ ಹೇಳುತ್ತಾ ಹೋದಳು. ಎಲ್ಲೂ ಕಾವಿಗೆ ಕೂತ ಕೋಳಿ ಸಿಗದೆ ಅಮ್ಮ ಮೊಟ್ಟೆಗಳನ್ನು ಇಲ್ಲಿಗೇ ತಂದಳಂತೆ. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ, ಅಕ್ಕ ರಾತ್ರಿಯೆಲ್ಲ ಎದ್ದೆದ್ದು ಮೊಟ್ಟೆ ಹೊರಳಿಸಿದಳಂತೆ. ಅಮ್ಮನ ಕೈಲಿ ಸುಳ್ಳು ಹೇಳಿಸಿದ್ದೂ ಅವಳೇ, ದೊಡ್ಡವಾಗುವ ತನಕ ಬದುಕುತ್ತವೋ ಇಲ್ಲವೋ ಅನ್ನುವ ಭಯಕ್ಕೆ.

"ಹುಂಜ ಬೇಕು ಅಂದಿದ್ದು ನಿನ್ನನ್ನ ಕರೆಸೋಕೆ. ಇವೆಲ್ಲಾ ನಿಂದೇ. ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ ನಂಗೆ." ಅಕ್ಕ ಗೇಟಿನ ಹತ್ತಿರ ವಾಪಸು ಬಂದು ಹುಂಜವನ್ನು ಎತ್ತಿಕೊಳ್ಳಲು ಬಗ್ಗಿದಳು. "ಇದೂ ಇವತ್ತೊಂದು ದಿನ ಇವುಗಳ ಜೊತೆ ಇರಲಿ."

ಕಾಜಾಗೆ ಮೊದಲು ಬಂದದ್ದು ಸಿಟ್ಟು. ತಿಂಗಳುಗಟ್ಟಲೆ ಕಾಪಿಟ್ಟ ಸೇಡನ್ನು ಇವಳು ಕೊನೇ ಗಳಿಗೆಯಲ್ಲಿ ಬಾಯಿಂದ ಕಿತ್ತುಕೊಂಡಳಲ್ಲ ಅಂತ. ಸುಮ್ಮನಿದ್ದರೆ ಅಕ್ಕನ ಕಣ್ಣಲ್ಲಿ ಒಳ್ಳೆಯವಳಾಗಿ ಉಳಿಯಬಹುದು, ಗೆಜ್ಜೆಯ ಮಕ್ಕಳು ಸಾಯುತ್ತವೆ. ಬಾಯಿ ಬಿಟ್ಟರೆ ತಾನೂ ಅಕ್ಕನೂ ಒಂದೇ ತಕ್ಕಡಿಯಲ್ಲಿ.

"ಅದನ್ನ ಮುಟ್ಬೇಡ," ಅಂದಳು. "ಅದಕ್ಕೆ ಇನ್ನೂ ರೋಗ ಇದೆ."

ಅಕ್ಕ ಬಗ್ಗಿದವಳು ಹಾಗೇ ನಿಂತಳು.

"ನಿಂಗೆ ಗೊತ್ತಿತ್ತಾ?"

ಒಂದು ಸಲ ಸೀನಿತ್ತು ಅಂತ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಗೊತ್ತಿತ್ತು."

ಅಕ್ಕ ಹುಂಜದ ಜುಟ್ಟನ್ನೇ ನೋಡಿದಳು, ಆಮೇಲೆ ತಂಗಿಯ ಅಂಗೈ ನೋಡಿದಳು. "ನಂಗೂ ಗೊತ್ತಿತ್ತು," ಅಂದಳು. ಈ ಮಾತನ್ನು ಕೇಳಲು ಕಾಜಾ ಎಷ್ಟು ರಾತ್ರಿ ಹಲ್ಲು ಕಡಿದಿದ್ದಳೋ. ಈಗ ಅದು ಕಿವಿಗೆ ಬಿದ್ದಾಗ ಯಾವ ರುಚಿಯೂ ಇರಲಿಲ್ಲ. ಅಕ್ಕ ಇನ್ನೂ ಮುಗಿಸಿರಲಿಲ್ಲ. "ನಾನು ಇದ್ದ ಒಂದನ್ನಾದ್ರೂ ಉಳಿಸ್ಕೊಳ್ಳೋಣ ಅಂತ ನಿನ್ನ ಹತ್ರ ತಂದೆ. ಎಣ್ಣೆ ಹಚ್ಚಿ ತಂದಿರ್ಲಿಲ್ಲ."

ಕಾಜಾ ಹುಂಜವನ್ನು ಎತ್ತಿ ಕಂಕುಳಲ್ಲಿ ಅವುಚಿಕೊಂಡಳು. ಅದು ನಿಂತಿದ್ದ ಕಲ್ಲಿನ ಮೇಲೆ ಅಕ್ಕ ಟಬ್ಬಿನ ನೀರನ್ನೆಲ್ಲ ಸುರಿದಳು. ಬುಟ್ಟಿ ಚಪ್ಪಲಿ ಅಲ್ಲೇ ಬಿಡು, ಸುಡುತ್ತೇನೆ ಅಂದಳು. ಮರಿಗಳು ನಿನ್ನವೇ, ಅದರಲ್ಲಿ ಎರಡು ಮಾತಿಲ್ಲ, ಆದರೆ ನಿನ್ನ ಗೂಡು ಖಾಲಿಯಾಗಿ, ತೊಳೆದು, ಬಿಸಿಲಿಗೆ ಒಣಗಿದ ಮೇಲೆ ಬಾ ಅಂತ ಗೇಟು ಹಾಕಿಕೊಂಡಳು. ಖಾಲಿ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಉಪ್ಪುನೀರಿನ ಹತ್ತಿಯಲ್ಲಿ ಕಣ್ಣೊರೆಸಿ ಬದುಕಿಸಿಕೊಂಡ ಒಂದೇ ಜೀವವನ್ನು ಈಗ ಅವಳೇ ಕೊಲ್ಲಬೇಕಿತ್ತು.

ಬರಿಗಾಲಲ್ಲಿ ಬೀದಿ ದಾಟುವಾಗ ಗಿರಣಿಯವನು ತಡೆದು, ಏನು ಹುಂಜ, ಏನು ಹೊಳಪು, ಯಾವ ತಿಂಡಿ ಹಾಕುತ್ತೀ ಇದಕ್ಕೆ ಅಂತ ಕೇಳಿದ. ಕಾಜಾ ಉಟ್ಟ ಬಟ್ಟೆಯ ತುದಿಯಿಂದ ಹುಂಜದ ಜುಟ್ಟಿನ ಎಣ್ಣೆ ಒರೆಸುತ್ತ ನಡೆದಳು. ಎಷ್ಟು ಒರೆಸಿದರೂ ಅದು ಹೋಗಲಿಲ್ಲ. ಹುಂಜ ಮಾತ್ರ ಮತ್ತೆ ಉಪಚಾರ ಶುರುವಾಯಿತು ಅಂದುಕೊಂಡು ಕಣ್ಣು ಮುಚ್ಚಿ ಅವಳ ಕೈಗೆ ತಲೆ ಕೊಟ್ಟಿತು.