ಮೇಜಿನಡಿಯ ಬೆಕ್ಕು

ಕೈಚೀಲ ಮತ್ತೆ ಗುಂಯ್ ಎಂದಿತು. ಮಗಳು ಅದನ್ನು ಮೊಣಕೈಯಿಂದ ಒತ್ತಿ ಹಿಡಿದಳು. ಅದೇ ಗಳಿಗೆಗೆ ಹೊಲಿಗೆ ಮಿಷನ್ ಮೇಲಿದ್ದ ಅಮ್ಮನ ಫೋನೂ ನಡುಗಿತು. ಅಮ್ಮನಿಗೆ ಬಂದ ಒಂದೇ ಸಂದೇಶ ಎರಡು ಕಡೆ ಮಿಡಿಯುತ್ತಿರುವುದು ಯಾರ ಗಮನಕ್ಕೂ ಬರಲಿಲ್ಲ.

ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ. ನೋಡಲು ಬಂದವರು ತಮ್ಮ ಮೈಮೇಲಿನ ಬಟ್ಟೆಯನ್ನೇ ಮುಟ್ಟಿ ಮಾತಾಡುತ್ತಿದ್ದರು: ಈ ತೋಳು ಅವಳು ಕೂರಿಸಿದ್ದು, ಈ ಅಂಚು ಅವಳದೇ ಹೊಲಿಗೆ.

ಪೇಟೆಯಲ್ಲಿ ಗುಂಡಿ, ದಾರ ಮಾರುವ ಅಮ್ಮನ ಗೆಳತಿ ಮಗಳ ಪಕ್ಕದಲ್ಲಿ ಕೂತಳು. ಸಂಬಂಧವಿಲ್ಲದಿದ್ದರೂ ಮಗಳಿಗೆ ಆಕೆ ಚಿಕ್ಕಮ್ಮ. ನಿನ್ನೆ ಫೋನನ್ನು ಮನೆಯಲ್ಲೇ ಚಾರ್ಜಿಗಿಟ್ಟು ಅಂಗಡಿಗೆ ಹೋದದ್ದನ್ನು ಮತ್ತೆ ಹೇಳಿದಳು.

"ನಂಗೊಬ್ಬಳಿಗೇ ಬರೆದಿದ್ಲು ಕಣೇ. ನಾನು ನೋಡೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಬೇರೆ ಯಾರಾದ್ರೂ ನೋಡಿದ್ದಿದ್ರೆ..."

ನಿಮ್ಮದೇನು ತಪ್ಪು ಚಿಕ್ಕಮ್ಮ ಎಂದಳು ಮಗಳು. ಕೈಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

*

ಫೋನು ಕೊಡಿಸಿದ ದಿನ, ಅಮ್ಮ ಒಳಗೆ ಟೀ ಕಾಸುತ್ತಿದ್ದಾಗ, ಮಗಳು ಅವಳ ಸಂದೇಶದ ಖಾತೆಯನ್ನು ತನ್ನ ಟ್ಯಾಬ್ಲೆಟ್ಟಿಗೂ ಜೋಡಿಸಿಕೊಂಡಿದ್ದಳು. ಮೋಸಗಾರರ ಕಾಲ, ಒಂದು ಕಣ್ಣಿರಲಿ ಎಂದು. ಆ ಕಣ್ಣು ಆಮೇಲೆ ಮುಚ್ಚಲೇ ಇಲ್ಲ. ಮಗಳು ಕೇಳಿದರೆ ಅಮ್ಮ ಹೇಳುತ್ತಿದ್ದುದು "ಚೆನ್ನಾಗಿದೀನಿ" ಎಂದಷ್ಟೇ. ಗೆಳತಿಗೆ ಮಾತ್ರ ಮಂಡಿನೋವು, ಕನಸು, ಗಿರಾಕಿಗಳ ಸೊಂಟದಳತೆಯ ತಮಾಷೆ. ನೀವಿಬ್ಬರಲ್ಲದೆ ಯಾರೂ ಓದಲಾರರು ಎಂದು ಆ್ಯಪು ಅವರಿಬ್ಬರಿಗೂ ಭರವಸೆ ಕೊಟ್ಟಿತ್ತು. ಬೀಗದ ಇನ್ನೊಂದು ಕೈ ಮಗಳ ಚೀಲದಲ್ಲಿತ್ತು.

ನಿನ್ನೆ ಮಧ್ಯಾಹ್ನ ಕಚೇರಿಯಲ್ಲಿ ಆ ಪರದೆಯ ಮೇಲೆ ಮೂಡಿತು: "ಎದೆ ಹಿಡಿದ ಹಾಗಿದೆ ಕಣೇ. ಮಿಷನ್ ತುಳಿಯೋಕಾಗ್ತಿಲ್ಲ."

ಮಗಳು ಫೋನು ಕೈಗೆತ್ತಿಕೊಂಡಳು. ನಿಂಗ್ಯಾರು ಹೇಳಿದ್ರು ಎಂದು ಅಮ್ಮ ಕೇಳಿದರೆ? ಚಿಕ್ಕಮ್ಮ ನೋಡುತ್ತಾಳೆ, ಓಡಿ ಹೋಗುತ್ತಾಳೆ ಎಂದುಕೊಂಡು ಕೆಳಗಿಟ್ಟಳು.

*

ಸೋದರಮಾವ ಅಮ್ಮನ ಫೋನು ತೆಗೆದುಕೊಂಡ. ಅದಕ್ಕೆ ಅವಳು ಬೀಗವನ್ನೇ ಹಾಕುತ್ತಿರಲಿಲ್ಲ. ಸತ್ತವರ ಹೆಸರಲ್ಲಿ ದುಡ್ಡು ಕೇಳುವ ಕಳ್ಳರಿದ್ದಾರೆ, ಖಾತೆ ಎಲ್ಲೆಲ್ಲಿ ತೆರೆದಿದೆಯೋ ಮೊದಲು ಮುಚ್ಚಬೇಕು ಎನ್ನುತ್ತ ಪಟ್ಟಿ ತೆರೆದ.

"ಇದೇನಿದು, ಇನ್ನೊಂದು ಕಡೆ ತೆರೆದಿದೆಯಲ್ಲ. ಹೆಸರು ಬೇರೆ ಇಟ್ಟಿದಾಳೆ ನೋಡು, ಮೇಜಿನಡಿಯ ಬೆಕ್ಕು ಅಂತ." ಸಾವಿನ ಮನೆಯೆಂಬುದನ್ನೂ ಮರೆತು ನಕ್ಕುಬಿಟ್ಟ. "ನಮ್ಮಕ್ಕನ ತಲೆಯೇ ತಲೆ."

ಮಗಳ ಕಣ್ಣು ಮಿಷನ್ ಮೇಜಿನ ಕೆಳಗೆ ಹೋಯಿತು. ಚಿಕ್ಕವಳಿದ್ದಾಗ ಅವಳು ಇದೇ ಮಿಷನ್ ಮೇಜಿನ ಕೆಳಗೆ ಅಡಗಿ ಗಿರಾಕಿಗಳ ಗುಟ್ಟು ಕೇಳುತ್ತ ಕೂರುತ್ತಿದ್ದಳು. ಅಮ್ಮ ಒಂದು ಸಲವೂ ಬಗ್ಗಿ ನೋಡಿದವಳಲ್ಲ. ಅಲ್ಲೊಂದು ಬೆಕ್ಕಿದೆ ಎಂದು ಬಂದವರಿಗೆ ಹೇಳಿ, ಮಾತಿನ ನಡುವೆಯೇ ರೇಷ್ಮೆಯ ತುಂಡೊಂದನ್ನು ಕೆಳಗೆ ಜಾರಿಸುತ್ತಿದ್ದಳು.

"ಅವಳೇ ಒಂದ್ಸಲ ತೋರಿಸಿದಾಗ, ಅದನ್ನ ತೆಗೆದುಹಾಕು ಅಂತ ನಾನೂ ಹೇಳಿದ್ದೆ," ಎಂದಳು ಚಿಕ್ಕಮ್ಮ. "ಯಾರೋ ಓದ್ತಿದಾರೆ ಕಣೇ ಅಂದೆ. 'ಯಾರು ಅಂತ ನಂಗೊತ್ತು. ಇರ್ಲಿ ಬಿಡು, ಅಷ್ಟಾದ್ರೂ ಹತ್ರ ಇರುತ್ತೆ' ಅಂದ್ಲು. ಯಾವ ಬೆಕ್ಕೋ ಏನೋ."

ಮಾವನ ಬೆರಳು ಆ ಸಾಲಿನ ಮೇಲಿತ್ತು. ತಡಿ ಮಾವ ಎನ್ನಬೇಕು ಎಂದುಕೊಂಡಳು ಮಗಳು. ಎಂದರೆ, ಯಾಕೆ ಎನ್ನುತ್ತಾನೆ. ಅವನು ಒತ್ತಿದ.

ಹೊರಗೆ ಗಾಡಿ ಬಂದು ನಿಂತಿತು. ಎಲ್ಲರೂ ಎದ್ದರು. ಮಾವ ಕೆಳಗಿಟ್ಟು ಹೋದ ಅಮ್ಮನ ಫೋನು ಮಿಷನ್ ಮೇಲೆ ಮತ್ತೆ ನಡುಗಿತು; ಈ ಸಲ ಕೈಚೀಲ ಗುಂಯ್ ಎನ್ನಲಿಲ್ಲ. ಮಗಳು ಕೈಚೀಲವನ್ನೆತ್ತಿ ಕಿವಿಗೆ ಒತ್ತಿಕೊಂಡು ಕೂತೇ ಇದ್ದಳು.