ಜೇನಿನವನ ಬಟ್ಟೆ ಒಗೆದವಳು

ನನ್ನ ಗಂಡನಿಗೆ ವರ್ಷಕ್ಕೆ ಇನ್ನೂರು ಸಲ ಜೇನುಹುಳ ಕಚ್ಚುತ್ತದೆ, ಏನೂ ಆಗುವುದಿಲ್ಲ. ನನಗೆ ಹುಟ್ಟಿದಾಗಿನಿಂದ ಒಂದೇ ಸಲ ಕಚ್ಚಿತು, ಸಾವಿನ ಬಾಗಿಲು ತಟ್ಟಿ ಬಂದೆ. ಅದನ್ನೂ ನಾಟಕ ಎಂದರು ನಮ್ಮ ಅತ್ತೆ.

ತಾರಸಿಯ ಮೇಲೆ ಗಂಡನ ಆರು ಜೇನುಪೆಟ್ಟಿಗೆಗಳು, ಪಕ್ಕದಲ್ಲೇ ಬಟ್ಟೆ ಒಣಹಾಕುವ ತಂತಿ. ಅಂದು ದಿಂಬಿನ ಚೀಲ ಹರವುತ್ತಿದ್ದಾಗ ಕುತ್ತಿಗೆಗೆ ಚುಚ್ಚಿತು. ಐದೇ ನಿಮಿಷಕ್ಕೆ ತುಟಿ ಊದಿ, ಗಂಟಲು ಬಿಗಿದು, ಮೆಟ್ಟಿಲ ಮೇಲೆ ಬಿದ್ದೆ. ಆಸ್ಪತ್ರೆಗೆ ಹೊತ್ತೊಯ್ದವನು ಪಕ್ಕದ ಮನೆಯ ಟೈಲರ್. ಗಂಡ ಜೇನು ಮಾರಲು ಹೋಗಿದ್ದರು.

"ಮೊದಲು ಎಷ್ಟು ಸಲ ಕಚ್ಚಿದೆ?" ಎಂದು ನಾಲ್ಕು ದಿನದ ಮೇಲೆ ಡಾಕ್ಟರಮ್ಮ ಕೇಳಿದರು.

"ಒಂದು ಸಲವೂ ಇಲ್ಲ."

ಅವರು ರಕ್ತಪರೀಕ್ಷೆಯ ಚೀಟಿ ತಿರುವಿ ನೋಡಿದರು. "ನಿಮ್ಮ ಮೈಗೆ ಈ ವಿಷದ ಪರಿಚಯ ಮೊದಲೇ ಇದೆ. ಯಜಮಾನರ ಬಟ್ಟೆ ಯಾರು ಒಗೀತಾರೆ?"

ಇನ್ಯಾರು? ಹನ್ನೆರಡು ವರ್ಷ, ಪ್ರತಿ ವಾರ, ಆ ಬಿಳಿ ಅಂಗಿ, ಮುಸುಕು, ಕೈಗವಸುಗಳನ್ನು ನಾನೇ ಜೋರಾಗಿ ಕೊಡವಿ ನೀರಿಗೆ ಹಾಕುತ್ತಿದ್ದೆ. ಅವುಗಳಿಂದ ಹಾರುತ್ತಿದ್ದದ್ದು ಒಣಗಿದ ವಿಷದ ಪುಡಿ. ಅದನ್ನೇ ಉಸಿರಾಡಿದ್ದೆ.

"ಈ ವಿಷದಲ್ಲಿ ಫಾಸ್ಫೋಲೈಪೇಸ್ ಅಂತ ಒಂದು ಕಿಣ್ವ ಇದೆ," ಎಂದರು ಡಾಕ್ಟರಮ್ಮ. "ಜೀವಕೋಶದ ಸುತ್ತ ಕೊಬ್ಬಿನ ತೆಳು ಪದರ ಇರುತ್ತಲ್ಲ, ಅದನ್ನ ಕತ್ತರಿಸುತ್ತೆ. ನಮ್ಮ ಕೋಶಗಳಲ್ಲೂ ಇಂಥ ಕತ್ತರಿಗಳಿವೆ, ಆದರೆ ಹಿಡಿತದಲ್ಲಿರ್ತವೆ. ಪೆಟ್ಟಾದಾಗ ಪದರದಿಂದ ಚೂರು ಕತ್ತರಿಸಿಕೊಡ್ತವೆ, ಆ ಚೂರಿನಿಂದಲೇ ಊತ ಬರಿಸೋ ಸಂದೇಶ ತಯಾರಾಗೋದು. ಹುಳದ ಕತ್ತರೀನ ಮಾತ್ರ ನಿಮ್ಮ ಮೈ ಶತ್ರು ಅಂತ ಗುರುತಿಟ್ಟುಕೊಂಡಿದೆ. ಮುಂದಿನ ಸಲ ಕಚ್ಚಿದರೆ ಇಲ್ಲಿಗೆ ಬರೋಷ್ಟು ಹೊತ್ತೂ ಸಿಗದೇ ಇರಬಹುದು."

"ನಮ್ಮವರಿಗೆ ಏನೂ ಆಗಲ್ವಲ್ಲ?"

"ಕಚ್ಚಿಸಿಕೊಂಡೂ ಕಚ್ಚಿಸಿಕೊಂಡೂ ಅವರಿಗೆ ಒಗ್ಗಿಹೋಗಿದೆ."

ಚುಚ್ಚಿಕೊಳ್ಳುವ ಔಷಧದ ಪೆನ್ನೊಂದನ್ನು ಕೊಟ್ಟು, ಸದಾ ಜೊತೆಗಿರಲಿ ಎಂದರು. ಪೆಟ್ಟಿಗೆಗಳು ಮನೆಯಿಂದ ಹೋಗಲೇಬೇಕು ಎಂದೂ ಬರೆದುಕೊಟ್ಟರು.

ಆ ಚೀಟಿಯನ್ನು ಗಂಡನ ಮುಂದೆ ಹಿಡಿದೆ. "ಹುಳಗಳಿಗೆ ಜಾಗ ಬದಲಾದ್ರೆ ತೊಂದರೆ ಕಣೇ. ಹೂವಿನ ಕಾಲ ಮುಗೀಲಿ," ಎಂದರು. ನಾಲ್ಕು ತಿಂಗಳು ಇದೇ ರಾಗ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಅಡುಗೆಮನೆಯ ಕಿಟಕಿ ಮುಚ್ಚಿ ಬೆವರುತ್ತಾ ಬೇಯಿಸಿದೆ. ರೆಕ್ಕೆಯ ಸದ್ದು ಕೇಳಿದರೆ ಕೈ ಪೆನ್ನಿಗೆ ಹೋಗುತ್ತಿತ್ತು.

ಬಟ್ಟೆ ಒಗೆಯುವುದನ್ನು ನಿಲ್ಲಿಸಿದೆ. "ನನ್ನ ಮಗನ ಬಟ್ಟೆ ನನಗೇನು ಭಾರವೇ?" ಎಂದು ಅತ್ತೆ ಕಿತ್ತುಕೊಂಡರು.

"ಕೊಡವಬೇಡಿ ಅತ್ತೆ, ಆ ಪುಡಿ ಒಳಗೆ ಹೋದ್ರೆ ನಿಮಗೂ ನನ್ನ ಗತಿಯೇ."

"ನಿನ್ನ ಹಾಗೆ ನನ್ನದು ಕಾಗದದ ಮೈಯಲ್ಲ," ಎಂದು ಇನ್ನೂ ಜೋರಾಗಿ ಕೊಡವಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನು ಒಳಗೆ ಹೋದೆ.

ನಾಲ್ಕನೆಯ ತಿಂಗಳು ಅತ್ತೆ ಸೀನತೊಡಗಿದರು. ಕಣ್ಣು ಕೆಂಪು, ಮೂಗಿನಲ್ಲಿ ನೀರು. ಊಟಕ್ಕೆ ಕುಳಿತಿದ್ದ ಗಂಡ ತಟ್ಟೆ ಬಿಟ್ಟೆದ್ದರು. ಅಮ್ಮನನ್ನು ಡಾಕ್ಟರಮ್ಮನ ಬಳಿ ಕರೆದೊಯ್ದು ರಕ್ತ ಕೊಡಿಸಿದರು. ಕತ್ತಲಾಗುವಷ್ಟರಲ್ಲಿ ಆರೂ ಪೆಟ್ಟಿಗೆಗಳು ಸ್ನೇಹಿತನ ತೋಟ ಸೇರಿದ್ದವು. ಹುಳಗಳಿಗೆ ಒಂದಿಷ್ಟೂ ತೊಂದರೆಯಾಗಲಿಲ್ಲವಂತೆ. ಜೀವ ಉಳಿಯಿತೆಂದು ನಾನು ಸಂತೋಷಪಡಬೇಕಿತ್ತು. ಹೊಟ್ಟೆ ಉರಿಯಿತು. ನನ್ನ ಪ್ರಾಣಕ್ಕೆ ಅಲುಗದ ಪೆಟ್ಟಿಗೆ ಅವರಮ್ಮನ ಸೀನಿಗೆ ಹಾರಿಹೋಯಿತಲ್ಲ!

ಮರುದಿನ ನಾನು ತಾರಸಿಯ ಬಾಗಿಲಿಗೆ ಹೊಸ ಬೀಗ ಜಡಿದೆ.

ನಾಲ್ಕನೆಯ ದಿನ ಪರೀಕ್ಷೆಯ ಚೀಟಿ ಬಂತು. ಅತ್ತೆಗೆ ಯಾವ ವಿಷದ ಅಲರ್ಜಿಯೂ ಇರಲಿಲ್ಲ.

"ಬರೀ ನೆಗಡಿಯಂತೆ!" ಗಂಡನ ಮುಖ ಅರಳಿತು. "ನಾಳೆ ಪೆಟ್ಟಿಗೆಗಳನ್ನ ವಾಪಸ್ ತರ್ತೀನಿ. ಕೀಲಿ ಎಲ್ಲಿ?"

"ಪೆನ್ನಿನ ಜೊತೆ ನನ್ನ ಚೀಲದಲ್ಲಿದೆ. ಕೊಡಲ್ಲ."

"ಕೊಡೇ ಅವನಿಗೆ," ಎಂದರು ಅತ್ತೆ.

"ನಿಮ್ಮ ನೆಗಡಿಗೆ ಇಳಿದ ಪೆಟ್ಟಿಗೆ ಮತ್ತೆ ಹತ್ತಬೇಕಾದ್ರೆ ನನ್ನ ಹೆಣ ದಾಟಿ ಹತ್ತಲಿ ಅತ್ತೆ."

ಮೂಲೆಯಲ್ಲಿ ಬಿದ್ದಿದ್ದ ಬಿಳಿ ಅಂಗಿಯನ್ನು ಕೋಲಿನ ತುದಿಯಿಂದ ಗಂಡನ ಕಾಲಬುಡಕ್ಕೆ ತಳ್ಳಿದೆ.

"ಇನ್ಮೇಲೆ ನೀವೇ ಒಗೆದುಕೊಳ್ಳಿ. ನಿಮಗೇನೂ ಆಗಲ್ಲ, ಒಗ್ಗಿಹೋಗಿದೆಯಲ್ಲ."